ಇಮೇಲ್ ಸೇವೆ ಮುಚ್ಚುತ್ತೇವೆ ಎಂಬ ನೋಟಿಸ್ ಬಂದಿದೆಯಾ? ಯಾವ ಕೆಲಸ ಮೊದಲು, ಯಾವುದು ಆಮೇಲೆ

ನಮ್ಮ ಮಾವನವರ ಹದಿನೇಳು ವರ್ಷದ ಮೇಲ್‌ಗಳೆಲ್ಲ ಒಂದು ಪೆನ್‌ಡ್ರೈವ್‌ನಲ್ಲಿ ಭದ್ರವಾಗಿವೆ. ಒಂದೂ ಕಳೆದಿಲ್ಲ. ಆದರೆ ಅವರದೇ ವಿಮಾ ಪಾಲಿಸಿಯ ಖಾತೆಯೊಳಗೆ ಹೋಗಲು ಅವರಿಗೆ ಆಗಲಿಲ್ಲ. ಪಾಸ್‌ವರ್ಡ್ ಬದಲಿಸುವ ಲಿಂಕ್ ಹೋಗುತ್ತಿದ್ದದ್ದು ಮುಚ್ಚಿಹೋದ ಹಳೆ ಮೇಲ್ ಐಡಿಗೆ. ಬ್ರಾಡ್‌ಬ್ಯಾಂಡ್ ಕಂಪನಿಯೊಂದು ಕನೆಕ್ಷನ್ ಜೊತೆ ಪುಕ್ಕಟೆ ಕೊಟ್ಟಿದ್ದ ಐಡಿ ಅದು. ಮೂರು ತಿಂಗಳು ಮೊದಲೇ ನೋಟಿಸ್ ಬಂದಿತ್ತು. ಎರಡು ತಿಂಗಳು ಮೇಲ್ ಡೌನ್‌ಲೋಡ್ ಮಾಡುವುದರಲ್ಲಿ ಕಳೆದೆವು. ಉಳಿದ ಒಂದು ತಿಂಗಳು ಕಸ್ಟಮರ್ ಕೇರ್ ಜೊತೆ ಜಗಳ ಆಡಿದೆವು.

ಈ ವಿಷಯದಲ್ಲಿ ನನ್ನನ್ನು ಕೇಳಿಕೊಂಡು ಬಂದವರಲ್ಲಿ ಹೆಚ್ಚಿನವರು ಎಡವಿದ್ದು ಇದೇ ಜಾಗದಲ್ಲಿ. ಕೆಲಸ ಮಾಡಿರುತ್ತಾರೆ, ಆದರೆ ಹಿಂದುಮುಂದಾಗಿ. ಹಳೆ ಇನ್‌ಬಾಕ್ಸ್‌ಗೆ ಹೊಸ ಮೇಲ್ ಬರುತ್ತಿರುವಾಗ ಮಾತ್ರ ಆಗುವ ಕೆಲಸಗಳು ಕೆಲವಿವೆ. ಅವು ಮೊದಲು ಆಗಬೇಕು. ಬ್ಯಾಕಪ್ ಎಲ್ಲ ಆಮೇಲೆ.

## ಕೂರುವ ಮೊದಲು ಏನೇನು ಬೇಕು

ಒಂದು ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಬೇಕು. ಫೋನಿನಲ್ಲೇ ಎಲ್ಲ ಮಾಡಿ ಮುಗಿಸುತ್ತೇನೆ ಅಂತ ಹೊರಡಬೇಡಿ, ಆಗುವುದಿಲ್ಲ. ಥಂಡರ್‌ಬರ್ಡ್ ಎಂಬ ಉಚಿತ ಮೇಲ್ ತಂತ್ರಾಂಶ ಹಾಕಿಕೊಳ್ಳಿ. ಜಾಗ ಇರುವ ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್ ಒಂದಲ್ಲ, ಎರಡು ಇರಲಿ. ಬ್ಯಾಂಕಿನ ಒಟಿಪಿ ಬರುವ ಸಿಮ್ ಇರುವ ಫೋನ್ ಪಕ್ಕದಲ್ಲಿರಬೇಕು. ಪ್ಯಾನ್ ಕಾರ್ಡ್, ಪಾಲಿಸಿ ಕಾಗದ, ಪಾಸ್‌ಬುಕ್ಕುಗಳೂ ಕೈಗೆ ಸಿಗುವಂತಿರಲಿ. ಜೊತೆಗೆ ಒಂದು ನೋಟ್‌ಬುಕ್. ಎಕ್ಸೆಲ್ ಹಾಳೆಯಾದರೂ ಸರಿ, ಆದರೆ ನನ್ನ ಅನುಭವದಲ್ಲಿ ಪೆನ್ನಿನಲ್ಲಿ ಟಿಕ್ ಹಾಕುತ್ತ ಹೋದವರೇ ಕೆಲಸ ಮುಗಿಸಿದ್ದಾರೆ.

ಸಮಯದ ಅಂದಾಜು: ನಾಲ್ಕೈದು ಭಾನುವಾರ. ಬ್ಯಾಂಕ್ ಶಾಖೆಗೆ ಹೋಗುವ ಒಂದೆರಡು ಬೆಳಗ್ಗೆ ಬೇರೆ.

## 1. ನೋಟಿಸ್ ಅಸಲಿಯೋ ನಕಲಿಯೋ ನೋಡಿ

"ನಿಮ್ಮ ಮೇಲ್‌ಬಾಕ್ಸ್ ಮುಚ್ಚಲಿದೆ, ಉಳಿಸಿಕೊಳ್ಳಲು ಇಲ್ಲಿ ಒತ್ತಿ" ಎಂಬುದು ವಂಚಕರ ಹಳೆಯ ಸಾಲು. ಒಂದು ಸೇವೆ ನಿಜವಾಗಿಯೂ ಮುಚ್ಚುತ್ತಿದೆ ಎಂದು ಸುದ್ದಿಯಾದ ಕೂಡಲೇ ಅದೇ ಹೆಸರಿನಲ್ಲಿ ನಕಲಿ ನೋಟಿಸ್‌ಗಳೂ ಶುರುವಾಗುತ್ತವೆ.

ನೋಟಿಸ್‌ನಲ್ಲಿರುವ ಲಿಂಕ್ ಒತ್ತಬೇಡಿ. ಬ್ರೌಸರ್ ತೆರೆದು ಕಂಪನಿಯ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ. ಸಹಾಯ ಪುಟದಲ್ಲಿ ಅದೇ ದಿನಾಂಕ, ಅದೇ ಮಾತು ಇದ್ದರೆ ನಂಬಬಹುದು.

ನಕಲಿಯ ಲಕ್ಷಣಗಳು ಹೀಗಿರುತ್ತವೆ: 24 ಗಂಟೆಯೊಳಗೆ ಮಾಡಿ ಎಂಬ ಗಡಿಬಿಡಿ. ಪಾಸ್‌ವರ್ಡ್ ಮತ್ತೆ ಹಾಕಿಸುವ ಫಾರ್ಮ್. ಕಳಿಸಿದವರ ವಿಳಾಸದಲ್ಲಿ @ ಆದಮೇಲೆ ಬೇರೆ ಯಾವುದೋ ಹೆಸರು. ಫೋನ್ ಮಾಡಿ "ಒಟಿಪಿ ಹೇಳಿ ಸಾರ್, ನಾವೇ ವರ್ಗಾಯಿಸುತ್ತೇವೆ" ಎನ್ನುವವರು. ಮೇಲ್ ವರ್ಗಾಯಿಸಲು ಯಾವ ಕಂಪನಿಯೂ ನಿಮ್ಮ ಬ್ಯಾಂಕ್ ಒಟಿಪಿ ಕೇಳುವುದಿಲ್ಲ. ಆಗಲೇ ಹೇಳಿಬಿಟ್ಟು ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

## 2. ನೋಟಿಸ್‌ನಿಂದ ಮೂರು ದಿನಾಂಕ ಬರೆದುಕೊಳ್ಳಿ

ಮುಚ್ಚುವ ದಿನ ಅಂದರೆ ಒಂದೇ ದಿನ ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಮೂರಿರುತ್ತವೆ.

ಮೊದಲನೆಯದು, ಹೊಸ ಮೇಲ್ ಬರುವುದು ನಿಲ್ಲುವ ದಿನ. ಎರಡನೆಯದು, ನೀವು ಲಾಗಿನ್ ಆಗುವುದು ನಿಲ್ಲುವ ದಿನ. ಮೂರನೆಯದು, ಸರ್ವರ್‌ನಿಂದ ಎಲ್ಲವನ್ನೂ ಅಳಿಸುವ ದಿನ. ನಿಮ್ಮ ನಿಜವಾದ ಗಡುವು ಮೊದಲನೆಯದು. ಅದರಿಂದಲೂ ಹತ್ತು ದಿನ ಹಿಂದಕ್ಕೆ ಹಾಕಿಕೊಳ್ಳಿ. ಕೊನೆಯ ವಾರ ಎಲ್ಲರೂ ಒಟ್ಟಿಗೆ ಡೌನ್‌ಲೋಡ್‌ಗೆ ಇಳಿದರೆ ಸರ್ವರ್ ತೆವಳುತ್ತದೆ. ನೋಟಿಸ್‌ನಲ್ಲಿ ಮೂರೂ ಸ್ಪಷ್ಟವಾಗಿ ಇಲ್ಲದಿದ್ದರೆ ಕಂಪನಿಗೆ ಬರೆದು ಕೇಳಿ. ಉತ್ತರವನ್ನೂ ನೋಟಿಸನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ.

ಎಷ್ಟು ಕಾಲ ಕೊಡುತ್ತಾರೆ ಎಂಬುದಕ್ಕೆ ನಿಯಮ ಅಂತ ಇಲ್ಲ. ಸ್ಕಿಫ್ ಎಂಬ ಮೇಲ್ ಸೇವೆಯನ್ನು ನೋಷನ್ ಕಂಪನಿ ಕೊಂಡಿತು. 2024ರ ಫೆಬ್ರವರಿಯಲ್ಲಿ ಹೇಳಿ ಆಗಸ್ಟ್‌ನಲ್ಲಿ ಮುಚ್ಚಿದರು, ಅಂದರೆ ಆರು ತಿಂಗಳು. ನ್ಯೂಜಿಲೆಂಡಿನಲ್ಲಿ ವೊಡಾಫೋನ್ ತನ್ನ ಮೇಲ್ ಸೇವೆಯನ್ನು 2017ರ ನವೆಂಬರ್ 30ಕ್ಕೆ ನಿಲ್ಲಿಸಿತು. ಆಕ್‌ಲೆಂಡ್, ವೆಲ್ಲಿಂಗ್ಟನ್‌ನಲ್ಲಿರುವ ನಮ್ಮವರು ಕೂಡ ಗಮನಿಸಬೇಕಾದ ಸಂಗತಿ ಅದರಲ್ಲಿ ಒಂದಿದೆ. ಐಹಗ್, ಪ್ಯಾರಡೈಸ್ ಎಂಬ ಬೇರೆ ಹೆಸರಿನ ವಿಳಾಸ ಇದ್ದವರಿಗೂ ಅದು ತಟ್ಟಿತು. ಆ ಕಂಪನಿಗಳು ಕೈಬದಲಾಗಿ ಎಂದೋ ವೊಡಾಫೋನ್ ಪಾಲಾಗಿದ್ದವು. ಹಾಗಾಗಿ ನಿಮ್ಮ ವಿಳಾಸದಲ್ಲಿ ಯಾರ ಹೆಸರಿದೆ ಎಂಬುದಕ್ಕಿಂತ ಅದನ್ನು ಈಗ ಯಾರು ನಡೆಸುತ್ತಿದ್ದಾರೆ ಎಂದು ನೋಡಿ. ಇನ್ನು ಲವಾಬಿಟ್ ಎಂಬ ಮೇಲ್ ಸೇವೆ 2013ರ ಆಗಸ್ಟ್‌ನಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಬಾಗಿಲು ಹಾಕಿತು.

## 3. ಹೊಸ ವಿಳಾಸ ಮಾಡಿ, ಮೊದಲು ಅದಕ್ಕೇ ಬೀಗ ಹಾಕಿ

ಬ್ರಾಡ್‌ಬ್ಯಾಂಡ್ ಕಂಪನಿ, ಆಫೀಸು, ಕಾಲೇಜು ಕೊಡುವ ಐಡಿ ಮತ್ತೆ ಬೇಡ. ಒಮ್ಮೆ ಬಿದ್ದ ಗುಂಡಿಗೆ ಮತ್ತೊಮ್ಮೆ ಯಾಕೆ ಬೀಳಬೇಕು?

ಎರಡು ದಾರಿಗಳಿವೆ. ಸುಲಭದ್ದು, ದೊಡ್ಡ ಸೇವೆಯಲ್ಲಿ ಒಂದು ಖಾತೆ ತೆರೆಯುವುದು. ಆದರೆ ತೆರೆದು ಸುಮ್ನೆ ಬಿಟ್ಟರೆ ಅದೂ ಹೋಗುತ್ತದೆ. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎಂಬುದು ಗೂಗಲ್‌ನ ನಿಯಮ. 2023ರ ಡಿಸೆಂಬರ್‌ನಿಂದ ಅದು ಜಾರಿಯಲ್ಲಿದೆ.

ಎರಡನೆಯ ದಾರಿ, ನಿಮ್ಮದೇ ಡೊಮೇನ್, ಅಂದರೆ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು, ಕೊಳ್ಳುವುದು. ಆಗ ವಿಳಾಸ ನಿಮ್ಮದು, ಅದರ ಹಿಂದಿನ ಮೇಲ್ ಸೇವೆಯನ್ನು ಬೇಕೆಂದಾಗ ಬದಲಿಸಬಹುದು. ಅಂಗಡಿ, ಕ್ಲಿನಿಕ್, ಆಡಿಟರ್ ಕಚೇರಿ ಇಟ್ಟುಕೊಂಡವರಿಗೆ ಇದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯ ಹಿರಿಯರಿಗೆ ಇದು ಬೇಡ. ವರ್ಷವರ್ಷ ನವೀಕರಿಸಬೇಕು. ಮರೆತರೆ ಆ ಹೆಸರನ್ನು ಬೇರೆಯವರು ಕೊಳ್ಳಬಹುದು, ಆಮೇಲೆ ನಿಮಗೆ ಬರಬೇಕಾದ ಮೇಲ್‌ಗಳೂ ಕೊಂಡವರ ಕೈಗೆ ಹೋಗುತ್ತವೆ. ಇನ್ನೊಂದು ಮಾತು: ಡೊಮೇನ್ ಕೊಂಡ ಕಂಪನಿಯಲ್ಲಿ ಅದೇ ಡೊಮೇನಿನ ಮೇಲ್ ಐಡಿ ಕೊಡಬೇಡಿ. ಏನಾದರೂ ಕೆಟ್ಟರೆ, ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಗುತ್ತದೆ.

ಖಾತೆ ಆದ ಕೂಡಲೇ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಹಾಕಿ. ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಮರುಪಡೆಯುವ ಮೇಲ್ ಎಂದು ಕೇಳುವ ಕಡೆ ಎಷ್ಟೋ ಜನ ಅಭ್ಯಾಸಬಲದಿಂದ ಹಳೆ ಐಡಿಯನ್ನೇ ಬರೆಯುತ್ತಾರೆ. ಎರಡು ತಿಂಗಳಲ್ಲಿ ಸಾಯುವ ಐಡಿ ಅದು! ಮಗಳದ್ದೋ ಹೆಂಡತಿಯದ್ದೋ ಕೊಡಿ.

ಹೆಸರು ಫೋನಿನಲ್ಲಿ ಹೇಳಿದರೆ ಎದುರಿನವರಿಗೆ ಅರ್ಥವಾಗುವಂತಿರಲಿ. ಅಂಡರ್‌ಸ್ಕೋರ್ ಹಾಕಿದರೆ ಪ್ರತಿ ಬ್ಯಾಂಕ್ ಕೌಂಟರ್‌ನಲ್ಲೂ ಅದನ್ನು ವಿವರಿಸಬೇಕಾಗುತ್ತದೆ.

## 4. ಹಳೆ ಐಡಿ ಎಲ್ಲೆಲ್ಲಿ ಕೊಟ್ಟಿದ್ದೀರಿ ಎಂದು ಪಟ್ಟಿ ಮಾಡಿ

ನೆನಪಿನಿಂದ ಬರೆದರೆ ಹತ್ತು ಸಿಗುತ್ತವೆ. ಹುಡುಕಿದರೆ ಎಪ್ಪತ್ತು. ಉತ್ತರ ಹಳೆ ಇನ್‌ಬಾಕ್ಸ್‌ನಲ್ಲೇ ಇದೆ.

ಅಲ್ಲಿನ ಹುಡುಕು ಪಟ್ಟಿಯಲ್ಲಿ ಈ ಪದಗಳನ್ನು ಇಂಗ್ಲಿಷ್‌ನಲ್ಲಿ ಒಂದೊಂದಾಗಿ ಹಾಕಿ: ವೆಲ್‌ಕಮ್, ವೆರಿಫೈ, ಒಟಿಪಿ, ಪಾಸ್‌ವರ್ಡ್, ಸ್ಟೇಟ್‌ಮೆಂಟ್, ಪಾಲಿಸಿ, ಪ್ರೀಮಿಯಂ, ಫೋಲಿಯೊ, ಇನ್‌ವಾಯ್ಸ್, ರಿನ್ಯೂವಲ್. ಪ್ರತಿ ಸಲ ಯಾರು ಕಳಿಸಿದ್ದಾರೆ ಎಂದು ಮಾತ್ರ ನೋಡಿ ಬರೆದುಕೊಳ್ಳಿ. ಮೇಲ್ ಓದುತ್ತ ಕೂರಬೇಡಿ. ಮಧ್ಯೆ ಯಾವುದೋ ಹಳೇ ಮದುವೆ ಫೋಟೋ ಸಿಕ್ಕರೆ ಆ ಭಾನುವಾರ ಅಲ್ಲಿಗೇ ಮುಗೀತು.

ಎರಡನೆಯ ಮೂಲ ಬ್ರೌಸರ್. ಕ್ರೋಮ್‌ನಲ್ಲೋ ಫೈರ್‌ಫಾಕ್ಸ್‌ನಲ್ಲೋ ಉಳಿಸಿದ ಪಾಸ್‌ವರ್ಡ್‌ಗಳ ಪಟ್ಟಿ ತೆರೆದು ಹಳೆ ಐಡಿ ಹಾಕಿ ಹುಡುಕಿ. ಎಂದೋ ಮರೆತ ಖಾತೆಗಳು ಅಲ್ಲಿ ಸಿಗುತ್ತವೆ.

ವರ್ಷಕ್ಕೊಮ್ಮೆ ಮಾತ್ರ ಮೇಲ್ ಕಳಿಸುವವರನ್ನು ಬಿಡಬೇಡಿ. ವಾಹನ ವಿಮೆ, ಆರೋಗ್ಯ ವಿಮೆ, ಡೊಮೇನ್ ನವೀಕರಣ, ಆದಾಯ ತೆರಿಗೆ ಇಲಾಖೆಯ ಸೂಚನೆಗಳು ಈ ಜಾತಿಯವು. ಕಳೆದ ಒಂದು ತಿಂಗಳ ಮೇಲ್ ನೋಡಿ ಪಟ್ಟಿ ಮಾಡಿದರೆ ಇವು ಸಿಗುವುದಿಲ್ಲ. ಕನಿಷ್ಠ ಹದಿಮೂರು ತಿಂಗಳು ಹಿಂದಕ್ಕೆ ಹೋಗಿ.

## 5. ಒಂದೊಂದೇ ಖಾತೆಯಲ್ಲಿ ಐಡಿ ಬದಲಿಸಿ

ಇಡೀ ಕೆಲಸದ ತಿರುಳು ಇಲ್ಲಿದೆ, ಜಾಸ್ತಿ ಸಮಯ ತಿನ್ನುವುದೂ ಇದೇ. ಮೇಲ್ ಐಡಿ ಬದಲಿಸಲು ಹೋದಾಗ ಎಷ್ಟೋ ಕಡೆ ಒಂದು ಒಟಿಪಿ ಹೊಸ ಐಡಿಗೆ, ಇನ್ನೊಂದು ಹಳೆ ಐಡಿಗೆ ಬರುತ್ತದೆ. ಹಳೆಯದು ಬದುಕಿದ್ದರೆ ಎರಡು ನಿಮಿಷದ ಕೆಲಸ. ಸತ್ತಿದ್ದರೆ ಅರ್ಜಿ, ಗುರುತಿನ ಚೀಟಿ, ಸಹಿ, ಕೌಂಟರ್, "ನಾಳೆ ಬನ್ನಿ".

ಮೊದಲ ಗುಂಪು: ಹಳೆ ಐಡಿಯೇ ಲಾಗಿನ್ ಹೆಸರಾಗಿರುವ ಖಾತೆಗಳು. ಆ್ಯಪಲ್ ಖಾತೆ, ಫೇಸ್‌ಬುಕ್, ಲಿಂಕ್ಡ್‌ಇನ್, ಡೊಮೇನ್ ಕಂಪನಿ, ಬೇರೆ ಮೇಲ್ ಖಾತೆಗಳಲ್ಲಿ ಮರುಪಡೆಯಲು ಕೊಟ್ಟ ಐಡಿ. ಆಸ್ತಿ ನೋಂದಣಿಯ ಕಾವೇರಿ ತಾಣಕ್ಕೆ ಮೇಲ್ ಐಡಿ ಕೊಟ್ಟೇ ಒಳಹೋಗುತ್ತೇವೆ, ಅದೂ ಈ ಗುಂಪಿನದೇ. ಲಾಗಿನ್ ಐಡಿ ಬದಲಿಸುವ ಜಾಗ ಯಾವ ತಾಣದಲ್ಲಾದರೂ ಸಿಗದಿದ್ದರೆ ಹುಡುಕಿ ಸುಸ್ತಾಗಬೇಡಿ. ಅಲ್ಲಿರುವ ಅರ್ಜಿ, ರಸೀದಿ, ಇಸಿ ಪ್ರತಿ ಎಲ್ಲವನ್ನೂ ಇಳಿಸಿಕೊಂಡು ಭದ್ರ ಮಾಡಿ, ಆಮೇಲೆ ಸಹಾಯವಾಣಿಗೆ ಬರೆಯಿರಿ.

ಎರಡನೆಯದು ದುಡ್ಡಿನ ಗುಂಪು. ಬ್ಯಾಂಕುಗಳಲ್ಲಿ ಕೆಲವು ನೆಟ್‌ಬ್ಯಾಂಕಿಂಗ್‌ನಲ್ಲೇ ಬದಲಿಸಲು ಬಿಡುತ್ತವೆ, ಕೆಲವು ಶಾಖೆಗೆ ಕರೆಯುತ್ತವೆ. ಡಿಮ್ಯಾಟ್ ಇದ್ದರೆ ಬ್ರೋಕರ್ ಮೂಲಕ ಬದಲಿಸಿ. ಬದಲಾವಣೆ ಡಿಪಾಸಿಟರಿಯ (ಷೇರುಗಳ ದಾಖಲೆ ಇಡುವ ಸಂಸ್ಥೆಯ) ದಾಖಲೆಗೂ ಹೋಗಿದೆಯೇ ಎಂದು ಕೇಳಿ. ಮ್ಯೂಚುವಲ್ ಫಂಡ್‌ನಲ್ಲಿ ಎಲ್ಲರೂ ಒಂದು ಕಡೆ ಎಡವುತ್ತಾರೆ. ಆ್ಯಪ್‌ನಲ್ಲಿ ಐಡಿ ಬದಲಿಸಿದ ಮಾತ್ರಕ್ಕೆ ಹಳೆ ಫೋಲಿಯೊಗಳಲ್ಲಿ (ಫಂಡ್ ಕಂಪನಿಯಲ್ಲಿರುವ ನಿಮ್ಮ ಹೂಡಿಕೆ ಖಾತೆಗಳಲ್ಲಿ) ಬದಲಾಗಿರುವುದಿಲ್ಲ. ಫಂಡ್ ಕಂಪನಿಗಳ ಪರವಾಗಿ ಹೂಡಿಕೆದಾರರ ದಾಖಲೆ ಇಡುವ ಸಂಸ್ಥೆಗಳು ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್. ನಿಮ್ಮ ದಾಖಲೆ ಯಾರ ಬಳಿ ಇದೆ ನೋಡಿ. ಹಳೆ ಐಡಿ ಬದುಕಿರುವಾಗಲೇ ಇಬ್ಬರಿಂದಲೂ ಒಟ್ಟು ಸ್ಟೇಟ್‌ಮೆಂಟ್ ಅದೇ ಐಡಿಗೆ ತರಿಸಿಕೊಳ್ಳಿ. ಯಾವ ಯಾವ ಫೋಲಿಯೊ ಹಳೆ ಐಡಿಗೆ ಅಂಟಿಕೊಂಡಿದೆ ಎಂಬುದು ಅದರಲ್ಲೇ ಗೊತ್ತಾಗುತ್ತದೆ. ಪಟ್ಟಿ ಮಾಡಲು ಇದಕ್ಕಿಂತ ಸುಲಭದ ಉಪಾಯ ನನಗೆ ಸಿಕ್ಕಿಲ್ಲ.

ಎಲ್‌ಐಸಿ, ಆರೋಗ್ಯ ವಿಮೆ, ಭವಿಷ್ಯ ನಿಧಿಯ ಯುಎಎನ್ ಖಾತೆ, ಎನ್‌ಪಿಎಸ್ ಕೂಡ ಇದೇ ಗುಂಪಿಗೆ ಸೇರಿಸಿ.

ಮೂರನೆಯದು ಸರ್ಕಾರಿ. ಆದಾಯ ತೆರಿಗೆ ತಾಣದ ಪ್ರೊಫೈಲ್‌ನಲ್ಲಿ ಸಂಪರ್ಕ ವಿವರ ಬದಲಿಸಿ. ರಿಟರ್ನ್ಸ್ ಅನ್ನು ಆಡಿಟರ್ ಸಲ್ಲಿಸುತ್ತಿದ್ದರೆ ಅಲ್ಲಿರುವುದು ನಿಮ್ಮ ಐಡಿಯೋ ಅವರದೋ ಎಂದು ಈ ನೆಪದಲ್ಲಾದರೂ ನೋಡಿ. ಪಾಸ್‌ಪೋರ್ಟ್ ಸೇವಾ, ಜಿಎಸ್‌ಟಿ ಇದ್ದರೆ ಅದು. ಆಧಾರ್‌ನಲ್ಲಿ ಮೇಲ್ ಬದಲಿಸಲು ಆಧಾರ್ ಕೇಂದ್ರಕ್ಕೆ ಹೋಗಿ. ಅಲ್ಲಿ ಲಾಗಿನ್ ಒಟಿಪಿ ಬರುವುದು ಮುಖ್ಯವಾಗಿ ಮೊಬೈಲಿಗೆ. ಹಾಗಾಗಿ ಇದಕ್ಕೆ ಅವಸರ ಇಲ್ಲ, ಮರೆಯದಿದ್ದರೆ ಸಾಕು.

ಹಾಲು, ಊಟ, ಬಟ್ಟೆ ತರಿಸುವ ಆ್ಯಪ್‌ಗಳು ಕೊನೆಗೆ. ಸಮಯ ಸಿಗದಿದ್ದರೆ ಬಿಟ್ಟರೂ ನಡೆಯುತ್ತದೆ.

ವಿದೇಶದಲ್ಲಿ ಇರುವವರಿಗೆ ಒಂದು ಎಚ್ಚರಿಕೆ. ಭಾರತದ ಸಿಮ್ ನಿಂತುಹೋಗಿ, ಎನ್‌ಆರ್‌ಇ ಖಾತೆಯ (ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆಯ) ಸಂದೇಶಗಳು ಹಳೆ ಮೇಲ್‌ಗೆ ಮಾತ್ರ ಬರುತ್ತಿದ್ದರೆ ಮೊದಲ ದಿನವೇ ಆ ಬ್ಯಾಂಕಿಗೆ ಬರೆಯಿರಿ. ಅದೂ ಹಳೆ ಐಡಿಯಿಂದಲೇ. ದಾಖಲೆಯಲ್ಲಿರುವ ವಿಳಾಸದಿಂದ ಬಂದ ಪತ್ರಕ್ಕೆ ಬೆಲೆ ಜಾಸ್ತಿ.

### ಇಲ್ಲಿ ಆಗುವ ತಪ್ಪುಗಳು

ಹೊಸ ಐಡಿಯನ್ನು ಎರಡನೇ ಐಡಿಯಾಗಿ ಸೇರಿಸಿ, ಹಳೆಯದನ್ನು ಮುಖ್ಯ ಐಡಿಯಾಗಿ ಹಾಗೇ ಬಿಡುವುದು ಮೊದಲ ತಪ್ಪು. ಹೊಸದನ್ನು ಮುಖ್ಯ ಮಾಡಿ, ಹಳೆಯದನ್ನು ತೆಗೆಯಿರಿ.

ಎರಡನೆಯದು, ಮೊಬೈಲ್ ನಂಬರನ್ನೂ ಅದೇ ದಿನ ಬದಲಿಸುವುದು. ಹೇಗೂ ಕೂತಿದ್ದೇವಲ್ಲ, ಅದನ್ನೂ ಮುಗಿಸೋಣ ಅನಿಸುತ್ತದೆ. ಬೇಡ. ಎರಡೂ ಒಟ್ಟಿಗೆ ಬದಲಾದರೆ ಖಾತೆ ಕಳ್ಳತನವಾಗಿದೆ ಎಂಬ ಅನುಮಾನ ಬಂದು ತಡೆಹಿಡಿಯಬಹುದು. ಒಂದು ಬದಲಿಸಿ, ಒಂದೆರಡು ವಾರ ಬಿಟ್ಟು ಇನ್ನೊಂದು.

ಮೂರನೆಯದು, ಬದಲಾಯಿತು ಎಂಬ ಸಂದೇಶ ನೋಡಿ ಟಿಕ್ ಹಾಕುವುದು. ನಾನು ಹೀಗೆ ಪರೀಕ್ಷೆ ಮಾಡುತ್ತೇನೆ: ಲಾಗ್ ಔಟ್ ಆಗಿ, "ಪಾಸ್‌ವರ್ಡ್ ಮರೆತಿದ್ದೇನೆ" ಒತ್ತಿ, ಮೇಲ್ ಯಾವ ಇನ್‌ಬಾಕ್ಸ್‌ಗೆ ಬಂತು ಎಂದು ನೋಡುತ್ತೇನೆ. ಹೊಸದಕ್ಕೆ ಬಂದರೆ ಮಾತ್ರ ಟಿಕ್.

## 6. ಈಗ ಹಳೆ ಮೇಲ್‌ಗಳನ್ನು ಕಾಪಿ ಮಾಡಿ

ಥಂಡರ್‌ಬರ್ಡ್ ತೆರೆದು ಹಳೆ ಖಾತೆಯನ್ನು ಸೇರಿಸಿ. ಐಮ್ಯಾಪ್ ಮತ್ತು ಪಾಪ್ ಎಂಬ ಎರಡು ವಿಧಾನ ಕಾಣುತ್ತವೆ. ಐಮ್ಯಾಪ್ ಆರಿಸಿ. ಸಾಮಾನ್ಯವಾಗಿ ಪೋರ್ಟ್ 993, ಭದ್ರತೆ ಎಸ್‌ಎಸ್‌ಎಲ್. ಪಾಪ್‌ನಲ್ಲಿ ಇನ್‌ಬಾಕ್ಸ್ ಮಾತ್ರ ಬರುತ್ತದೆ. ನೀವು ಕಳಿಸಿದ ಮೇಲ್‌ಗಳು, ನೀವು ಮಾಡಿಕೊಂಡ ಫೋಲ್ಡರ್‌ಗಳು ಬರುವುದಿಲ್ಲ. ಮೇಲಾಗಿ ಇಳಿಸಿದ ಮೇಲ್ ಅನ್ನು ಸರ್ವರ್‌ನಿಂದ ಅಳಿಸುವ ಗುಣವೂ ಅದಕ್ಕಿದೆ. ಹಳೆ ಸೇವೆಯಲ್ಲಿ ಪಾಪ್ ಒಂದೇ ಇದ್ದರೆ, ಸರ್ವರ್‌ನಲ್ಲಿ ಪ್ರತಿ ಉಳಿಸು ಎಂಬ ಆಯ್ಕೆಗೆ ಗುರುತು ಹಾಕಿಯೇ ಶುರು ಮಾಡಿ. ಪಾಸ್‌ವರ್ಡ್ ಸರಿ ಇದ್ದರೂ ಒಳಗೆ ಬಿಡದಿದ್ದರೆ ಹಳೆ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಐಮ್ಯಾಪ್‌ಗೆ ಅನುಮತಿ ಕೊಡಬೇಕಿರಬಹುದು, ಇಲ್ಲವೇ ಆ್ಯಪ್ ಪಾಸ್‌ವರ್ಡ್ (ಇಂಥ ತಂತ್ರಾಂಶಕ್ಕೆಂದೇ ಮಾಡುವ ಬೇರೆ ಪಾಸ್‌ವರ್ಡ್) ಮಾಡಬೇಕಿರಬಹುದು.

ಖಾತೆ ಸೇರಿದ ಮೇಲೆ, ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ಮತ್ತು ಸಂಗ್ರಹದ ಭಾಗಕ್ಕೆ ಹೋಗಿ, ಎಲ್ಲ ಫೋಲ್ಡರ್‌ಗಳ ಮೇಲ್‌ಗಳನ್ನು ಈ ಕಂಪ್ಯೂಟರ್‌ನಲ್ಲಿ ಇಡು ಎಂಬುದಕ್ಕೆ ಗುರುತು ಹಾಕಿ. ಇಲ್ಲದಿದ್ದರೆ ಕಾಣುವುದು ಬರೀ ತಲೆಬರಹ. ಒಳಗಿನ ವಿಷಯ ಸರ್ವರ್‌ನಲ್ಲೇ ಉಳಿದಿರುತ್ತದೆ. ರಾತ್ರಿ ಹಾಕಿ ಮಲಗಿ, ಕಂಪ್ಯೂಟರ್ ನಿದ್ದೆಗೆ ಹೋಗದಂತೆ ನೋಡಿಕೊಳ್ಳಿ.

ಎಲ್ಲ ಇಳಿಯಿತು, ಮುಗಿಯಿತು ಎಂದು ಇಲ್ಲೇ ಎದ್ದುಬಿಡುವವರು ಬಹಳ ಜನ. ಇನ್ನೂ ಮುಗಿದಿಲ್ಲ. ಐಮ್ಯಾಪ್ ಅಂದರೆ ಸರ್ವರ್‌ನ ಕನ್ನಡಿ. ಅಲ್ಲಿ ಖಾಲಿಯಾದರೆ ಇಲ್ಲೂ ಖಾಲಿಯಾಗಬಹುದು. ಆದ್ದರಿಂದ ಎಡಗಡೆ ಕೆಳಗೆ ಕಾಣುವ ಲೋಕಲ್ ಫೋಲ್ಡರ್ಸ್‌ನಲ್ಲಿ ಹೊಸ ಫೋಲ್ಡರ್‌ಗಳನ್ನು ಮಾಡಿ. ಮೇಲ್‌ಗಳನ್ನು ಆರಿಸಿ, ಬಲ ಕ್ಲಿಕ್ ಮಾಡಿ, ಅಲ್ಲಿಗೆ ಕಾಪಿ ಮಾಡಿ. ಕಾಪಿ, ಮೂವ್ ಅಲ್ಲ. ಮೂವ್ ಮಾಡುವಾಗ ಅರ್ಧಕ್ಕೆ ಕರೆಂಟ್ ಹೋದರೆ ಯಾವುದು ಎಲ್ಲಿದೆ ಎಂದು ಪತ್ತೆ ಹಚ್ಚುವುದೇ ಒಂದು ಕೆಲಸ. ಒಂದು ಸಲಕ್ಕೆ ಐನೂರು, ಸಾವಿರ ಮೇಲ್ ಸಾಕು.

ಹೊಸ ಖಾತೆಯಲ್ಲೂ ಹಳೆ ಮೇಲ್‌ಗಳು ಬೇಕೆಂದರೆ, ಅದನ್ನೂ ಥಂಡರ್‌ಬರ್ಡ್‌ಗೆ ಸೇರಿಸಿ ಹೀಗೇ ಕಾಪಿ ಮಾಡಬಹುದು. ಕಳಿಸಿದವರ ಹೆಸರು, ದಿನಾಂಕ ಹಾಗೇ ಉಳಿಯುತ್ತವೆ. ಒಂದೊಂದೇ ಮೇಲ್ ಅನ್ನು ಹೊಸ ಐಡಿಗೆ ಫಾರ್ವರ್ಡ್ ಮಾಡುತ್ತ ಕೂತವರನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದರೆ ಎಲ್ಲ ಮೇಲ್‌ಗಳೂ ಇವತ್ತಿನ ದಿನಾಂಕಕ್ಕೆ, ನಿಮ್ಮದೇ ಹೆಸರಿನಲ್ಲಿ ಬಂದು ಕೂರುತ್ತವೆ. ಹೊಸ ಖಾತೆಯ ಜಾಗವನ್ನೂ ಲೆಕ್ಕ ಹಾಕಿ. ಗೂಗಲ್‌ನ ಉಚಿತ 15 ಜಿಬಿಯಲ್ಲಿ ಫೋಟೋ, ಡ್ರೈವ್ ಎಲ್ಲ ಸೇರಿದೆ. ಒಂದು ದಿನಕ್ಕೆ ಇಷ್ಟೇ ಏರಿಸಬಹುದು ಎಂಬ ಮಿತಿಯೂ ಇರುವುದರಿಂದ ಮಧ್ಯೆ ನಿಂತರೆ ಗಾಬರಿ ಬೇಡ, ಮಾರನೆಯ ದಿನ ಮುಂದುವರಿಸಿ.

ಹಳೆಯ ಲೇಖನ, ವಿಡಿಯೋಗಳಲ್ಲಿ ಒಂದು ಸಲಹೆ ಸಿಗುತ್ತದೆ: ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಬೇರೆ ಖಾತೆಯ ಮೇಲ್ ತರಿಸುವ ಆಯ್ಕೆ ಬಳಸಿ, ಎಲ್ಲ ತಾನಾಗಿ ಬರುತ್ತದೆ ಎಂದು. ಪಾಪ್ ಮೂಲಕ ನಡೆಯುತ್ತಿದ್ದ ಈ ಸೌಲಭ್ಯವನ್ನು 2026ರಿಂದ ಹಿಂತೆಗೆಯುವುದಾಗಿ ಗೂಗಲ್ ಹೇಳಿದೆ. ಅದನ್ನು ನಂಬಿ ಕೂರಬೇಡಿ.

### ಬಂದಿದೆಯೇ ಎಂದು ನೋಡುವುದು ಹೇಗೆ

ಇಂಟರ್‌ನೆಟ್ ಆಫ್ ಮಾಡಿ. ಲೋಕಲ್ ಫೋಲ್ಡರ್ಸ್‌ನಿಂದ ತೀರಾ ಹಳೆಯ ಮೇಲ್ ಒಂದು, ದೊಡ್ಡ ಅಟ್ಯಾಚ್‌ಮೆಂಟ್ ಇರುವ ನಾಲ್ಕು, ಕಳಿಸಿದ ಮೇಲ್‌ಗಳಲ್ಲಿ ಮೂರು ತೆರೆಯಿರಿ. ತೆರೆದರೆ ಸರಿ. ಪ್ರತಿ ಫೋಲ್ಡರ್‌ನ ಮೇಲ್ ಸಂಖ್ಯೆ ಎರಡೂ ಕಡೆ ಹೊಂದುತ್ತದೆಯೇ ನೋಡಿ. ಆಮೇಲೆ ಥಂಡರ್‌ಬರ್ಡ್‌ನ ಪ್ರೊಫೈಲ್ ಫೋಲ್ಡರನ್ನು ಪೂರ್ತಿ ಎರಡು ಡಿಸ್ಕ್‌ಗಳಿಗೆ ಹಾಕಿಡಿ.

ಎರಡು ಸಂಗತಿ ನೋಡಿ ಹೆದರುವವರಿದ್ದಾರೆ. ಒಂದು, ಹಳೆಯ ಕನ್ನಡ ಕಡತಗಳು ಅಡ್ಡಾದಿಡ್ಡಿ ಅಕ್ಷರಗಳಾಗಿ ಕಾಣುವುದು. ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದವು ಅವು. ಕಾಪಿ ಕೆಟ್ಟಿಲ್ಲ, ಆ ಫಾಂಟ್ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲ ಅಷ್ಟೇ. ಇನ್ನೊಂದು, ಅಟ್ಯಾಚ್‌ಮೆಂಟ್ ಇರಬೇಕಾದ ಕಡೆ ಬರೀ ಲಿಂಕ್ ಇರುವುದು. ಇದು ಹೆದರಬೇಕಾದ್ದೇ. ದೊಡ್ಡ ಫೈಲ್‌ಗಳನ್ನು ಅದೇ ಕಂಪನಿಯ ಕ್ಲೌಡ್‌ನಲ್ಲಿ ಇಟ್ಟಿದ್ದರೆ ಸೇವೆಯ ಜೊತೆಗೆ ಅವೂ ಹೋಗುತ್ತವೆ. ಈಗಲೇ ಒತ್ತಿ ಇಳಿಸಿಕೊಳ್ಳಿ.

ಬ್ಯಾಂಕ್ ಸ್ಟೇಟ್‌ಮೆಂಟ್ ಪಿಡಿಎಫ್‌ಗಳಿಗೆ ಪಾಸ್‌ವರ್ಡ್ ಇರುತ್ತದಲ್ವಾ? ಅದರ ಸೂತ್ರ ಬರೆದಿರುವುದು ಮೇಲ್‌ನ ಒಳಗೆ. ಬರೀ ಪಿಡಿಎಫ್ ಉಳಿಸಿಕೊಂಡವರಿಗೆ ಐದು ವರ್ಷದ ನಂತರ ಅದು ತೆರೆಯುವುದಿಲ್ಲ. ಮೇಲ್ ಸಮೇತ ಉಳಿಸಿ.

## 7. ಸಂಪರ್ಕ ಪಟ್ಟಿ, ಕ್ಯಾಲೆಂಡರ್

ಇವು ಮೇಲ್ ಜೊತೆ ತಾವಾಗಿ ಬರುವುದಿಲ್ಲ. ಹಳೆ ಖಾತೆಯ ಸಂಪರ್ಕ ಪುಟದಿಂದ ವಿಸಿಎಫ್ ಕಡತವಾಗಿ, ಕ್ಯಾಲೆಂಡರನ್ನು ಐಸಿಎಸ್ ಕಡತವಾಗಿ ಇಳಿಸಿ. ಸಿಎಸ್‌ವಿ ಮಾತ್ರ ಸಿಕ್ಕರೆ ಅದನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಕನ್ನಡದಲ್ಲಿ ಬರೆದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಿಡುವ ಅಪಾಯ ಇದೆ. ತೆರೆಯದೆ ನೇರ ಹೊಸ ಖಾತೆಗೆ ಏರಿಸಿ.

## 8. ಫಾರ್ವರ್ಡ್ ಹಾಕಿ, ಜನರಿಗೆ ಹೇಳಿ

ಮುಚ್ಚುವ ಕಂಪನಿ ಕೆಲಕಾಲ ಫಾರ್ವರ್ಡ್ ಸೌಲಭ್ಯ ಕೊಟ್ಟರೆ ತಪ್ಪದೆ ಹಾಕಿಸಿಕೊಳ್ಳಿ. ಆದರೆ ಅದು ಊರುಗೋಲು, ಕಾಲಲ್ಲ. ಫಾರ್ವರ್ಡ್ ಆಗಿ ಬಂದ ಮೇಲ್‌ಗಳು ಸ್ಪ್ಯಾಮ್‌ಗೆ ಬೀಳುವುದು ಮಾಮೂಲು, ಆ ಫೋಲ್ಡರನ್ನೂ ನೋಡುತ್ತಿರಿ.

ಹೊಸ ಖಾತೆಯಲ್ಲಿ ಒಂದು ಫಿಲ್ಟರ್ ಮಾಡಿ. ಹಳೆ ಐಡಿಗೆಂದು ಬಂದ ಮೇಲ್‌ಗೆಲ್ಲ "ಹಳೆ ಐಡಿ" ಎಂಬ ಲೇಬಲ್ ಬೀಳಲಿ. ಆ ಲೇಬಲ್‌ನಲ್ಲಿ ಕಾಣುವ ಪ್ರತಿಯೊಂದೂ ನೀವು ಬದಲಿಸಲು ಮರೆತ ಖಾತೆ. ವಾರಕ್ಕೊಮ್ಮೆ ತೆರೆದು ಒಂದೊಂದೇ ತೀರಿಸಿ.

ಜನರಿಗೆ ಹೇಳಲು ಮೂರು ಸಾಲು ಸಾಕು: "ನನ್ನ ಹಳೆ ಮೇಲ್ ಐಡಿ ಇಂತಹ ದಿನದಿಂದ ನಡೆಯುವುದಿಲ್ಲ. ಇನ್ನು ಮುಂದೆ ಈ ಐಡಿಗೆ ಬರೆಯಿರಿ. ಅನುಮಾನ ಇದ್ದರೆ ಫೋನ್ ಮಾಡಿ ಕೇಳಿ." ಕೊನೆಯ ಸಾಲು ಬಿಡಬೇಡಿ. ಈಗಿನ ಕಾಲದಲ್ಲಿ ಇಂಥ ಮೇಲ್ ಬಂದರೆ ಅನುಮಾನ ಪಡುವುದೇ ಸರಿ. ಹಳೆ ಐಡಿಯಿಂದಲೇ ಕಳಿಸಿ, ಎಲ್ಲರ ವಿಳಾಸವನ್ನೂ ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗದಲ್ಲಿ) ಹಾಕಿ, ಒಂದು ಸಲಕ್ಕೆ ಮೂವತ್ತು ನಲವತ್ತು ಜನಕ್ಕೆ. ಮುನ್ನೂರು ಜನಕ್ಕೆ ಒಟ್ಟಿಗೆ ಕಳಿಸಿದರೆ ಸ್ಪ್ಯಾಮ್ ಎಂದು ನಿಮ್ಮ ಖಾತೆಯನ್ನೇ ತಡೆಯಬಹುದು. ವಿಸಿಟಿಂಗ್ ಕಾರ್ಡ್, ಅಂಗಡಿ ಬೋರ್ಡು, ಬಿಲ್ ಪುಸ್ತಕದಲ್ಲೂ ಹಳೆ ಐಡಿ ಇದೆಯೇ ನೋಡಿ.

## 9. ಜಗಳ ಆಡುವುದಿದ್ದರೆ ಈಗ ಆಡಿ

ಸಿಟ್ಟು ಬರುವುದು ಸಹಜ. ದುಡ್ಡು ಕೊಟ್ಟವರಿಗಂತೂ ಇನ್ನೂ ಜಾಸ್ತಿ. ಆದರೆ ಕಸ್ಟಮರ್ ಕೇರ್‌ನಲ್ಲಿ ಫೋನ್ ಎತ್ತುವ ಹುಡುಗನ ಕೈಯಲ್ಲಿ ಸೇವೆ ಉಳಿಸುವ ಅಧಿಕಾರ ಇಲ್ಲ. ಅವನಿಗೆ ಕೊಟ್ಟಿರುವುದು ಓದಿ ಹೇಳಲು ಒಂದು ಹಾಳೆ ಮಾತ್ರ. "ಯಾಕೆ ಮುಚ್ಚುತ್ತೀರಿ" ಎಂದು ಕೇಳಿದರೆ ಆ ಹಾಳೆಯನ್ನೇ ಓದುತ್ತಾನೆ.

ಬರವಣಿಗೆಯಲ್ಲಿ ದೂರು ಕೊಡಿ. ಬಿಡಿಸಿ ಕೇಳಿ: ಮುಂಗಡ ಕಟ್ಟಿದ ಹಣದಲ್ಲಿ ಉಳಿದ ತಿಂಗಳುಗಳ ಮರುಪಾವತಿ, ಫಾರ್ವರ್ಡ್ ಅವಧಿ ಇನ್ನಷ್ಟು, ನನ್ನ ಐಡಿಯನ್ನು ಮುಂದೆ ಬೇರೆ ಯಾರಿಗೂ ಕೊಡುವುದಿಲ್ಲ ಎಂಬ ಲಿಖಿತ ಮಾತು. ಕೊನೆಯದು ಅತಿ ಅನಿಸಬಹುದು. 2013ರಲ್ಲಿ ಯಾಹೂ ಬಳಸದೆ ಬಿದ್ದಿದ್ದ ಐಡಿಗಳನ್ನು ಹೊಸಬರಿಗೆ ಕೊಟ್ಟಿತು. ಹಳೆ ಮಾಲೀಕರಿಗೆ ಬರಬೇಕಾದ ಮೇಲ್‌ಗಳು ಹೊಸಬರಿಗೆ ಬಂದವು. ಕಂಪನಿ ಉತ್ತರ ಕೊಡದಿದ್ದರೆ, ದುಡ್ಡು ಕೊಟ್ಟ ಸೇವೆಯಾದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೋಗಬಹುದು. ಪುಕ್ಕಟೆ ಸೇವೆಯ ವಿಷಯದಲ್ಲಿ ದೂರಿನಿಂದ ಹೆಚ್ಚೇನೂ ನಿರೀಕ್ಷಿಸಬೇಡಿ.

## 10. ನೋಟಿಸ್ ಬರುವ ಮೊದಲೇ ಕಾಣುವ ಕೆಟ್ಟ ಲಕ್ಷಣಗಳು

ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವುದು ನಿಲ್ಲುತ್ತದೆ. ವೆಬ್‌ಮೇಲ್ ತೆರೆದರೆ ತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದು ಬ್ರೌಸರ್ ಎಚ್ಚರಿಸುತ್ತದೆ, ವಾರವಾದರೂ ಯಾರೂ ಸರಿಪಡಿಸುವುದಿಲ್ಲ. ಮೇಲ್‌ಗಳು ಗಂಟೆಗಟ್ಟಲೆ ತಡವಾಗುತ್ತವೆ. ಪಾಸ್‌ವರ್ಡ್ ಬದಲಿಸುವ ಪುಟ ಕೆಲಸ ಮಾಡುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಕಾಣೆ. ಕಂಪನಿಯನ್ನು ಇನ್ನೊಬ್ಬರು ಕೊಂಡರು ಎಂಬ ಸುದ್ದಿ ಬರುತ್ತದೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ನೋಟಿಸ್‌ಗೆ ಕಾಯಬೇಡಿ, ಮೂರನೇ ಹಂತದಿಂದ ಶುರು ಮಾಡಿ.

ಉಳಿದಿರುವುದು ಎರಡೇ ದಿನ ಎಂದಾದರೆ ಮೇಲ್ ಕಾಪಿ ಬಿಟ್ಟುಬಿಡಿ. ಐದನೇ ಹಂತದ ಮೊದಲ ಎರಡು ಗುಂಪು ಮಾಡಿ. ಸಮಯ ಉಳಿದರೆ ಬೇಕಾದ ಒಂದೆರಡು ಫೋಲ್ಡರ್ ಇಳಿಸಿಕೊಳ್ಳಿ.

## 11. ಆಗಲೇ ಮುಚ್ಚಿಹೋಗಿದ್ದರೆ

ಬ್ಯಾಂಕ್, ವಿಮೆಯ ಖಾತೆಯೊಳಗೆ ಹೋಗಲು ಆನ್‌ಲೈನ್‌ನಲ್ಲಿ ಪದೇ ಪದೇ ಪ್ರಯತ್ನಿಸಬೇಡಿ. ತಪ್ಪು ಲಾಗಿನ್ ಜಾಸ್ತಿಯಾದರೆ ಖಾತೆಗೆ ತಾತ್ಕಾಲಿಕ ಬೀಗ ಬೀಳುತ್ತದೆ. ಮೊದಲು ಮೊಬೈಲ್ ಒಟಿಪಿಯಿಂದ ಒಳಹೋಗುವ ದಾರಿ ಇದೆಯೇ ನೋಡಿ. ಇಲ್ಲದಿದ್ದರೆ ನೇರ ಶಾಖೆಗೆ ಹೋಗಿ. ಪ್ಯಾನ್, ಆಧಾರ್‌ನ ಸಹಿ ಮಾಡಿದ ಪ್ರತಿ, ಖಾತೆ ಅಥವಾ ಪಾಲಿಸಿ ಸಂಖ್ಯೆ, ಹಳೆ ಐಡಿ ಮುಚ್ಚಿದೆ ಎಂಬ ನೋಟಿಸ್‌ನ ಪ್ರಿಂಟ್, ಮೇಲ್ ಬದಲಿಸುವ ಅರ್ಜಿ ಜೊತೆಗಿರಲಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಮಾವನವರು ಮೂರು ಸಲ ಹೋದರು. ಮೊದಲ ಸಲ ಅರ್ಜಿಯ ನಮೂನೆ ಬದಲಾಗಿದೆ ಎಂದರು. ಎರಡನೇ ಸಲ ಸಹಿ ಹೊಂದುತ್ತಿಲ್ಲ ಎಂದರು. ಪಾಲಿಸಿ ಮಾಡಿಸಿದಾಗ ಅವರು ಇಂಗ್ಲಿಷ್‌ನಲ್ಲಿ ಸಹಿ ಹಾಕಿದ್ದರಂತೆ, ಈಗ ಹಾಕುವುದು ಕನ್ನಡದಲ್ಲಿ. ಮೂರನೇ ಸಲ ಎರಡೂ ಸಹಿ ಹಾಕಿ, ಬ್ಯಾಂಕಿನಿಂದ ದೃಢೀಕರಣ ತಂದು ಕೊಟ್ಟರು. ಹನ್ನೊಂದನೇ ದಿನ ಹೊಸ ಐಡಿಗೆ ಮೇಲ್ ಬಂತು.